ಮೂರೂವರೆ ವರ್ಷದ ಮಗನಿಗೆ ಟೈಮ್ ಔಟ್: ಕೂಡು ಕುಟುಂಬದಲ್ಲಿ ಇದು ನಡೆಯುತ್ತಾ?

ನಿಟುವಳ್ಳಿ ಅಮ್ಮ

ಎಲ್ಲರಿಗೂ ನಮಸ್ಕಾರ. ನಮ್ಮದು ದಾವಣಗೆರೆ, ನಿಟುವಳ್ಳಿ. ಮನೇಲಿ ಅತ್ತೆ, ಮಾವ, ನಾವಿಬ್ಬರು, ಮೈದುನ, ಎರಡು ಮಕ್ಕಳು. ದೊಡ್ಡವನಿಗೆ ಮೂರೂವರೆ ವರ್ಷ, ಚಿಕ್ಕವಳಿಗೆ ಹನ್ನೊಂದು ತಿಂಗಳು. ಅವಳು ಅಂಬೆಗಾಲಿಟ್ಟು ಇವನ ಆಟದ ಸಾಮಾನಿನ ಹತ್ರ ಬರೋಕೆ ಶುರು ಮಾಡಿದಾಗಿಂದ ಕಚ್ಚೋದು, ತಳ್ಳೋದು, ಕೈಗೆ ಸಿಕ್ಕಿದ್ದರಲ್ಲಿ ಹೊಡೆಯೋದು. ಮೊನ್ನೆ ಅವಳ ಕೆನ್ನೆ ಮೇಲೆ ಹಲ್ಲಿನ ಗುರುತು ಮೂಡಿತ್ತು.

ಮಕ್ಕಳ ಡಾಕ್ಟರನ್ನ ಕೇಳಿದ್ದಕ್ಕೆ "ಹೊಡೀಬೇಡಿ, ಟೈಮ್ ಔಟ್ ಕೊಡಿ, ತಪ್ಪು ಮಾಡಿದಾಗ ಸ್ವಲ್ಪ ಹೊತ್ತು ಬೇರೆ ಕೂರಿಸಿ" ಅಂದ್ರು. ಹೊರಗಡೆ ಅಷ್ಟು ಜನ ಕಾಯ್ತಿದ್ರು, ಹೇಗೆ ಕೊಡೋದು ಅಂತ ಕೇಳೋಕೆ ಆಗಲಿಲ್ಲ. ಈಗ ಪಡಸಾಲೆ ಮೂಲೇಲಿ ಕೂರಿಸ್ತಿದೀನಿ. ಅವನು ಜೋರಾಗಿ ಅಳ್ತಾನೆ, ಅತ್ತೆ ಒಳಗಿಂದ ಓಡಿ ಬಂದು ಎತ್ಕೋತಾರೆ. "ಮಗೂನ ಹಂಗೆ ಒಂಟಿಯಾಗಿ ಕೂರಿಸಬಾರದವ್ವ, ಬೆದರಿಬಿಡುತ್ತೆ" ಅಂತಾರೆ. ಮೈದುನ ಮೊಬೈಲ್ ಕೊಟ್ಟು ಸಮಾಧಾನ ಮಾಡ್ತಾನೆ. ನಮ್ಮ ಮನೆಯವರು "ಎರಡು ಏಟು ಕೊಟ್ರೆ ಎಲ್ಲಾ ಸರಿ ಹೋಗುತ್ತೆ" ಅಂತಾರೆ. ಈ ಮೂರರ ಮಧ್ಯೆ ಮಗನಿಗೆ ಏನು ಅರ್ಥ ಆಗ್ತಿದೆಯೋ ನನಗಂತೂ ಗೊತ್ತಾಗ್ತಿಲ್ಲ. ಇದನ್ನ ನಿಜವಾಗಿ ಮಾಡಿ ನೋಡಿರೋರು ಯಾರಾದ್ರೂ ಇದ್ರೆ ಹೇಳಿ.

ಚೌಕಿಪೇಟೆ ಅಪ್ಪ

ಮೇಡಂ, ನಿಮ್ಮ ಯಜಮಾನ್ರು ಹೇಳಿದ್ದರಲ್ಲಿ ಅಂಥಾ ತಪ್ಪೇನೂ ನನಗೆ ಕಾಣಲ್ಲ. ನಾವೆಲ್ಲ ಏಟು ತಿಂದೇ ಬೆಳೆದವರು. ಹನ್ನೊಂದು ತಿಂಗಳ ಕೂಸಿನ ಕೆನ್ನೆ ಕಚ್ಚಿದಾಗ ಮೂಲೇಲಿ ಕೂತ್ಕೋ ಅಂದ್ರೆ ಅವನಿಗೆ ಅದರ ಗಂಭೀರತೆ ತಿಳಿಯುತ್ತಾ? ಚಿಕ್ಕದನ್ನ ಕಾಪಾಡೋದು ಮೊದಲಲ್ವಾ?

ಹರಿಹರ ಅವಳಿ ಮಕ್ಕಳ ತಾಯಿ

ನಮ್ಮ ಮನೇಲಿ ಕೆಲಸ ಮಾಡಿದೆ ರೀ. ಕಚ್ಚೋದಕ್ಕೆ ಮಾತ್ರ ಇಟ್ಕೊಂಡಿದ್ವಿ, ಬೇರೆ ಯಾವುದಕ್ಕೂ ಬಳಸ್ತಿರಲಿಲ್ಲ. ಊಟ ಮಾಡಲಿಲ್ಲ, ಚಪ್ಪಲಿ ಹಾಕ್ಕೊಳ್ಳಲಿಲ್ಲ ಅಂತೆಲ್ಲ ಕೂರಿಸ್ತಾ ಹೋದ್ರೆ ಅದಕ್ಕೆ ಬೆಲೆನೇ ಇರಲ್ಲ. ಶುರುವಲ್ಲಿ ಮೊದಲಿಗಿಂತ ಜಾಸ್ತಿ ಕಚ್ಚಿದ್ರು, ಆಗ ಬಿಟ್ಟುಬಿಡೋಣ ಅನ್ನಿಸಿತ್ತು. ಬಿಡದೇ ಇದ್ದಿದ್ದು ಒಳ್ಳೇದಾಯ್ತು.

ನಿವೃತ್ತ ಮೇಷ್ಟ್ರು, ಎಂಸಿಸಿ ಬಿ ಬ್ಲಾಕ್

ನಾನು ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವನು. ಗೋಡೆಗೆ ಮುಖ ಮಾಡಿ ನಿಲ್ಲಿಸುವುದು, ಬಾಗಿಲ ಹೊರಗೆ ನಿಲ್ಲಿಸುವುದು, ಬೆಂಚಿನ ಮೇಲೆ ಹತ್ತಿಸುವುದು, ಇವೆಲ್ಲ ನಮ್ಮ ಕಾಲದಲ್ಲಿ ದಿನನಿತ್ಯದ ಸಂಗತಿಗಳು. ಹೊರಗೆ ನಿಂತ ಹುಡುಗ ಏನು ಕಲಿಯುತ್ತಿದ್ದ ಎಂಬುದನ್ನು ಹತ್ತಿರದಿಂದ ನೋಡಿದ್ದೇನೆ. ಒಳಗಿರುವವರೆಲ್ಲ ಒಂದು, ತಾನೊಬ್ಬನೇ ಬೇರೆ ಎಂಬುದನ್ನು ಕಲಿಯುತ್ತಿದ್ದ. ಅದೇ ಹುಡುಗ ಮರುದಿನವೂ ಹೊರಗೇ ಇರುತ್ತಿದ್ದ.

ಆದ್ದರಿಂದ ಈ ಹೊಸ ಪದ್ಧತಿಯ ಬಗ್ಗೆ ನನಗೆ ಗಟ್ಟಿಯಾದ ಅನುಮಾನವಿದೆ. ಹೆಸರು ಬದಲಾಗಿದೆ, ಮೂಲೆ ಅದೇ ಇದೆಯಲ್ಲವೇ? ಅಮೆರಿಕದಲ್ಲೇ ಇದಕ್ಕೆ ವಿರೋಧವಿದೆ ಎಂದು ಓದಿದ್ದೇನೆ. ತಿಳಿದವರು ವಿವರಿಸಿದರೆ ಉಪಕಾರ. ತಂಗಿ, ನಿಮ್ಮ ಅತ್ತೆಯವರ ಮಾತನ್ನು ಹಳೆಯ ಕಾಲದ ಮಾತು ಎಂದು ತಳ್ಳಿಹಾಕಬೇಡಿ. ಮೂರು ವರ್ಷದ ಮಗು ಒಂಟಿತನಕ್ಕೆ ಬೆದರುತ್ತದೆ ಎಂಬುದು ಸುಳ್ಳಲ್ಲ.

ದುರ್ಗದ ಆಪ್ತಸಮಾಲೋಚಕಿ

ನಾನು ಚಿತ್ರದುರ್ಗದಲ್ಲಿ ಮಕ್ಕಳು ಮತ್ತು ತಂದೆತಾಯಿಯರ ಜೊತೆ ಕೆಲಸ ಮಾಡ್ತೀನಿ. ಸ್ವಲ್ಪ ಉದ್ದ ಆಗುತ್ತೆ, ಆದ್ರೂ ಪೂರ್ತಿ ಓದಿ. ಅರ್ಧ ಓದಿ ಅರ್ಧ ಮಾಡಿದ್ದಕ್ಕೇ ಎಷ್ಟೋ ಮನೆಗಳಲ್ಲಿ ಇದು ಕೆಟ್ಟ ಹೆಸರು ತಗೊಂಡಿದೆ.

ಮೊದಲು ಮೇಷ್ಟ್ರ ಪ್ರಶ್ನೆಗೆ ಬರ್ತೀನಿ. ಸರ್, ನೀವು ನೋಡಿದ್ದು ಅವಮಾನ. ಎಲ್ಲರೂ ನೋಡೋ ಹಾಗೆ, ಬೈಗುಳದ ಜೊತೆ, ಎಷ್ಟು ಹೊತ್ತು ಅಂತ ಗೊತ್ತಿಲ್ಲದ ಹಾಗೆ ನಿಲ್ಲಿಸೋದು. ಟೈಮ್ ಔಟ್ ಹುಟ್ಟಿದ್ದು ಬೇರೆ ಯೋಚನೆಯಿಂದ. 1960ರ ದಶಕದ ಶುರುವಲ್ಲಿ ಆರ್ಥರ್ ಸ್ಟಾಟ್ಸ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ ತಮ್ಮ ಮಗಳನ್ನ ಬೆಳೆಸೋವಾಗ ಇದನ್ನ ಬಳಸಿದರು. ಸಣ್ಣ ಮಕ್ಕಳಿಗೆ ದೊಡ್ಡವರ ಗಮನವೇ ದೊಡ್ಡ ಬಹುಮಾನ. ಬೈದರೂ ಅದು ಗಮನವೇ, ಹೊಡೆದರೂ ಗಮನವೇ, ಅಜ್ಜಿ ಓಡಿ ಬಂದು ಎತ್ಕೊಂಡರಂತೂ ಅದಕ್ಕಿಂತ ಮೇಲಿನದು ಇಲ್ಲ. ತಪ್ಪು ಮಾಡಿದ ಕ್ಷಣದಲ್ಲಿ ಆ ಬಹುಮಾನ ಸ್ವಲ್ಪ ಹೊತ್ತು ನಿಲ್ಲಬೇಕು. ಅಷ್ಟೇ ಇದರ ತಿರುಳು. ಮೂಲೆಯೇ ಆಗಬೇಕು, ಗೋಡೆಗೆ ಮುಖ ಮಾಡಬೇಕು, ಅಳಬೇಕು ಅನ್ನೋದೆಲ್ಲ ನಾವು ಸೇರಿಸಿಕೊಂಡಿದ್ದು.

1964ರಲ್ಲಿ ಮಾಂಟ್ರೋಸ್ ವುಲ್ಫ್, ಟಾಡ್ ರಿಸ್ಲಿ ಮತ್ತು ಹೇಡನ್ ಮೀಸ್ ಅನ್ನೋ ಅಮೆರಿಕದ ಸಂಶೋಧಕರು ಒಂದು ಮಗುವಿನ ಬಗ್ಗೆ ವರದಿ ಪ್ರಕಟಿಸಿದರು. ನಿಟುವಳ್ಳಿಯವರೇ, ನಿಮ್ಮ ಮಗನ ವಯಸ್ಸಿನದೇ ಮಗು ಅದು, ಆಟಿಸಂ ಇತ್ತು. ಕಣ್ಣಿನ ಪೊರೆ ತೆಗೆದಿದ್ದರಿಂದ ಕನ್ನಡಕ ಹಾಕಲೇಬೇಕಿತ್ತು, ಇಲ್ಲದಿದ್ದರೆ ದೃಷ್ಟಿ ಹೋಗುತ್ತೆ. ಆದ್ರೆ ಕನ್ನಡಕ ಕಂಡರೆ ರಂಪ, ತಲೆ ಚಚ್ಚಿಕೊಳ್ಳೋದು. ರಂಪ ಮಾಡಿದಾಗ ಕೋಣೆಗೆ ಕಳಿಸಿ, ಸುಮ್ಮನಾದ ಮೇಲೆ ಹೊರಗೆ ಕರೀತಿದ್ದರು. ಎಲ್ಲರಿಗೂ ನೆನಪಿರೋದು ಇಷ್ಟೇ. ಇನ್ನರ್ಧ ಕೇಳಿ: ಕನ್ನಡಕವನ್ನ ಮುಟ್ಟಿದ್ದಕ್ಕೆ, ಹಿಡಿದುಕೊಂಡಿದ್ದಕ್ಕೆ, ಮುಖದ ಹತ್ರ ತಂದಿದ್ದಕ್ಕೆ ಹೆಜ್ಜೆ ಹೆಜ್ಜೆಗೂ ಅವನಿಗೆ ತಿನ್ನೋಕೆ ಕೊಟ್ಟು ಪ್ರೋತ್ಸಾಹ ಮಾಡಿದರು. ಕೊನೆಗೆ ಅವನು ಕನ್ನಡಕ ಹಾಕಿಕೊಂಡ. ಕೋಣೆ ಒಂದರಿಂದಲೇ ಅದು ಆಗ್ತಿರಲಿಲ್ಲ.

ಇದೇ ಕಾರಣಕ್ಕೆ ಆಮೇಲೆ ಅಮೆರಿಕದಲ್ಲಿ ಕಾನ್‌ಸ್ಟನ್ಸ್ ಹ್ಯಾನ್ಫ್ ಅನ್ನೋ ಮನಶ್ಶಾಸ್ತ್ರಜ್ಞೆ ತಾಯಂದಿರ ತರಬೇತಿಯನ್ನ ಎರಡು ಭಾಗ ಮಾಡಿದರು. ಮೊದಲ ಭಾಗದಲ್ಲಿ ಮಗುವಿನ ಜೊತೆ ಆಟ. ಅದು ಕೈಗೆ ಬಂದ ಮೇಲೇ ಎರಡನೇ ಭಾಗ, ಶಿಸ್ತು. ಶೀಲಾ ಐಬರ್ಗ್ 1970ರ ದಶಕದಲ್ಲಿ ರೂಪಿಸಿದ ಚಿಕಿತ್ಸೆಯೂ ಇದೇ ದಾರೀಲಿದೆ. ಅದರಲ್ಲಿ ತಂದೆ ಅಥವಾ ತಾಯಿ ದಿನಾ 5 ನಿಮಿಷ ಮಗು ಹೇಳಿದ ಹಾಗೆ ಆಡಬೇಕು. ಆ 5 ನಿಮಿಷ ಪ್ರಶ್ನೆ ಕೇಳೋ ಹಾಗಿಲ್ಲ, ಅಪ್ಪಣೆ ಕೊಡೋ ಹಾಗಿಲ್ಲ, ತಿದ್ದೋ ಹಾಗಿಲ್ಲ. ಅವನು ಮಾಡೋದನ್ನ ಬಾಯಲ್ಲಿ ಹೇಳ್ತಾ ಹೋಗೋದು, ಒಳ್ಳೇದು ಕಂಡರೆ ಇಂಥದ್ದೇ ಅಂತ ಹೆಸರಿಟ್ಟು ಹೊಗಳೋದು. ಅವನು ಪಾತ್ರೆ ಜೋಡಿಸ್ತಿದ್ರೆ ನೀವೂ ಜೋಡಿಸಿ. ಫೋನ್ ಬೇರೆ ಕೋಣೇಲಿರಲಿ.

ನಾನು ಹೇಳಬೇಕು ಅಂತಿರೋ ಮಾತು ಇದೇ. ಕೂರಿಸೋದು ಎರಡನೇ ಭಾಗ. ಮೊದಲನೇ ಭಾಗ ಇಲ್ಲದ ಮನೇಲಿ ಅದು ಬರೀ ಶಿಕ್ಷೆ ಆಗುತ್ತೆ. ಒಳಗಡೆ ಇರೋ ಹೊತ್ತು ಸಂತೋಷವಾಗಿ ಇದ್ದರೆ ತಾನೇ ಎರಡು ನಿಮಿಷ ಹೊರಗಿರೋದು ಮಗುವಿಗೆ ಅರ್ಥ ಆಗೋದು? ತಂಗಿ ಹುಟ್ಟಿದ ಮೇಲೆ ಇವನಿಗೆ ನಿಮ್ಮ ಮಡಿಲು ಎಷ್ಟು ಸಿಕ್ತಿದೆ ನೋಡಿ. ನಿಮ್ಮನ್ನ ದೂರ್ತಿಲ್ಲ, ಎಳೇ ಕೂಸು ಇರೋ ಎಲ್ಲಾ ಮನೇಲೂ ಹೀಗೇ.

ಮೇಷ್ಟ್ರು ಕೇಳಿದ ವಿರೋಧ ನಿಜ. 2014ರಲ್ಲಿ ಡೇನಿಯಲ್ ಸೀಗಲ್ ಅನ್ನೋ ಮನೋವೈದ್ಯರು ಮತ್ತು ಟೀನಾ ಪೇನ್ ಬ್ರೈಸನ್ ಅನ್ನೋ ಮನಶ್ಚಿಕಿತ್ಸಕಿ ಅಮೆರಿಕದ 'ಟೈಮ್' ಪತ್ರಿಕೆಯಲ್ಲಿ, ಮಗುವಿಗೆ ಆಸರೆ ಬೇಕಾದಾಗಲೇ ದೂರ ಇಡೋದು ನೋವು ಕೊಡುತ್ತೆ ಅಂತ ಬರೆದರು. ದೊಡ್ಡ ಗಲಾಟೆ ಆಯ್ತು. ಆಮೇಲೆ ಅವರೇ, ತಮ್ಮ ಆಕ್ಷೇಪ ಇರೋದು ಸಿಟ್ಟಿನಿಂದ, ಉದ್ದಕ್ಕೆ ಬೇರೆ ಇಡೋದಕ್ಕೆ ಅಂತ ಸ್ಪಷ್ಟ ಮಾಡಿದರು. ಅವರ ಮಾತಲ್ಲಿ ನನಗೆ ಒಪ್ಪಿಗೆ ಇರೋ ಭಾಗ ದೊಡ್ಡದಿದೆ: ಹೆದರಿ ಅಳೋ ಮಗು, ಹಸಿದ ಮಗು, ನಿದ್ದೆಗೆಟ್ಟ ಮಗು, ಜ್ವರದ ಮಗು, ಇವರಿಗೆ ಟೈಮ್ ಔಟ್ ಕೊಡಲೇಬಾರದು. ಅವರಿಗೆ ಬೇಕಾಗಿರೋದು ತೊಡೆ.

ಚೌಕಿಪೇಟೆ ಸರ್, ಚಿಕ್ಕದನ್ನ ಕಾಪಾಡೋದು ಮೊದಲು ಅನ್ನೋದು ನೂರಕ್ಕೆ ನೂರು ಸರಿ. ಆದ್ರೆ ಕಚ್ಚಿದ್ದಕ್ಕೆ ಹೊಡೆದರೆ, ದೊಡ್ಡವರು ಚಿಕ್ಕವರಿಗೆ ಹೊಡೀಬಹುದು ಅಂತ ಅವನು ಕಲೀತಾನೆ. ಅವನ ಲೆಕ್ಕದಲ್ಲಿ ಅವನು ದೊಡ್ಡವನು, ತಂಗಿ ಚಿಕ್ಕವಳು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2018ರಲ್ಲಿ ಹೊಡೆತ, ಅವಮಾನ ಎರಡೂ ಬೇಡ ಅಂತ ಖಡಾಖಂಡಿತವಾಗಿ ಹೇಳಿದೆ. ಹೊಡೆತಕ್ಕೂ ಮುಂದೆ ಹೆಚ್ಚಾಗೋ ಆಕ್ರಮಣಕ್ಕೂ ನಂಟಿದೆ ಅನ್ನೋದು ಅವರು ಕೊಟ್ಟ ಮುಖ್ಯ ಕಾರಣ.

ನಿಟುವಳ್ಳಿ ಅಮ್ಮ

ಅಕ್ಕ, ತುಂಬಾ ಧನ್ಯವಾದ. ಓದಿ ಕಣ್ಣಲ್ಲಿ ನೀರು ಬಂತು. ಇನ್ನೂ ಕೇಳೋದಿದೆ. ಎಷ್ಟು ಹೊತ್ತು? ಎಲ್ಲಿ? ಎದ್ದು ಓಡಿಬಂದ್ರೆ ಏನು ಮಾಡಲಿ? ಅತ್ತೆಗೆ ಹೇಗೆ ಹೇಳಲಿ?

ದುರ್ಗದ ಆಪ್ತಸಮಾಲೋಚಕಿ

ಹೊತ್ತು: ವಯಸ್ಸಿನ ವರ್ಷಕ್ಕೊಂದು ನಿಮಿಷ ಅನ್ನೋದು ರೂಢಿ. ಅವನಿಗೆ ಮೂರು ನಿಮಿಷ ಧಾರಾಳ ಆಯ್ತು. ಹೆಚ್ಚು ಕೂರಿಸಿದರೆ ಹೆಚ್ಚು ಕಲೀತಾನೆ ಅನ್ನೋದಿಲ್ಲ. ಕೊನೆಗೆ ಒಂದೆರಡು ಕ್ಷಣ ಸುಮ್ಮನಾದರೆ ಸಾಕು, ಆಗಲೇ ಮುಗಿಸಿ.

ಜಾಗ: ನಿಮ್ಮ ಕಣ್ಣಿಗೆ ಕಾಣೋ ಕಡೆ. ಪಡಸಾಲೆಯಲ್ಲೇ ಒಂದು ಮಣೆ ಅಥವಾ ಚಿಕ್ಕ ಚಾಪೆ ಹಾಕಿ. ಟಿವಿ ಕಾಣಬಾರದು, ಆಟಿಕೆ ಕೈಗೆಟುಕಬಾರದು. ಬಚ್ಚಲು ಬೇಡ, ಬಾಗಿಲು ಹಾಕಿದ ಕೋಣೆ ಬೇಡ, ಕತ್ತಲೆ ಯಾವತ್ತೂ ಬೇಡ. ಸಂಜೆ ಕರೆಂಟ್ ಹೋದರೆ ಅಲ್ಲಿಗೆ ಬಿಟ್ಟುಬಿಡಿ. "ಗುಮ್ಮ ಬರ್ತಾನೆ" ಅಂತ ಯಾರೂ ಹೇಳಬಾರದು. ಮಲಗೋ ಹಾಸಿಗೆಯನ್ನೂ ಇದಕ್ಕೆ ಬಳಸಬೇಡಿ, ಆಮೇಲೆ ನಿದ್ದೆಗೆ ಕಳಿಸಿದರೂ ಶಿಕ್ಷೆ ಅನ್ಕೋತಾನೆ.

ಮಾಡೋ ಬಗೆ: ಅವನು ಖುಷಿಯಾಗಿರೋ ಹೊತ್ತಲ್ಲಿ ಮೊದಲೇ ಹೇಳಿಡಿ, ಒಂದು ಗೊಂಬೆ ಇಟ್ಕೊಂಡು ಆಡಿ ತೋರಿಸಿ. ಕಚ್ಚಿದ ತಕ್ಷಣ "ಕಚ್ಚಿದೆ, ಮಣೆ ಮೇಲೆ ಕೂತ್ಕೋ" ಅಷ್ಟೇ ಮಾತು. ಅಷ್ಟರ ಮೇಲೆ ಭಾಷಣ ಬೇಡ, ಮುಖ ಗಂಟಿಕ್ಕೋದೂ ಬೇಡ. ಎದ್ದು ಬಂದರೆ ಮಾತಾಡದೆ ಮತ್ತೆ ತಂದು ಕೂರಿಸಿ. ಮುಗಿದ ಮೇಲೆ ಮುಗೀತು. ಸಾರಿ ಕೇಳು ಅಂತ ಹಿಂಡಬೇಡಿ, ಅಪ್ಪ ಮನೆಗೆ ಬಂದಾಗ ಮತ್ತೆ ದೂರು ಹೇಳಬೇಡಿ. ಮುಂದಿನ ಐದು ನಿಮಿಷದಲ್ಲಿ ಅವನು ಮಾಡೋ ಒಂದು ಒಳ್ಳೇ ಕೆಲಸ ಹುಡುಕಿ ಬಾಯಿ ತುಂಬ ಹೊಗಳಿ. "ಪಾಪು ಪಕ್ಕ ಕೂತು ಮೆಲ್ಲಗೆ ಮುಟ್ಟಿದೆ, ನೋಡ್ದೆ ನಾನು" ಅನ್ನಿ.

ಹರಿಹರದವರು ಹೇಳಿದ್ದನ್ನ ನೆನಪಿಡಿ. ಮೊದಮೊದಲು ಹಠ ಏರುತ್ತೆ. ಇಷ್ಟು ದಿನ ಅತ್ತರೆ ಅಜ್ಜಿ ಬರ್ತಿದ್ರು, ಈಗ ಬರ್ತಿಲ್ಲ, ಹಾಗಾಗಿ ಇನ್ನೂ ಜೋರಾಗಿ ಅತ್ತು ನೋಡ್ತಾನೆ. ಆ ಜೋರಿಗೆ ಮಣಿದು ಎತ್ಕೊಂಡರೆ, ಮುಂದಿನ ಸಲ ಅಲ್ಲಿಂದಲೇ ಶುರು.

ಅತ್ತೆಯವರ ವಿಷಯ ಇಲ್ಲಿ ಹಿರಿಯರು ಹೇಳಿದರೆ ಚೆನ್ನ. ಮೇಷ್ಟ್ರೇ, ನೀವು ಹೇಳಿ.

ನಿವೃತ್ತ ಮೇಷ್ಟ್ರು, ಎಂಸಿಸಿ ಬಿ ಬ್ಲಾಕ್

ವಿವರಣೆ ಓದಿದೆ. ಕಣ್ಣಿಗೆ ಕಾಣುವ ಜಾಗ, ಮೂರು ನಿಮಿಷ, ಬೈಗುಳವಿಲ್ಲ ಎಂದಾದರೆ ನಾನು ನೋಡಿದ್ದಕ್ಕೂ ಇದಕ್ಕೂ ಅಂತರವಿದೆ, ಒಪ್ಪುತ್ತೇನೆ. ಆದರೂ ಸಿಟ್ಟಿನಲ್ಲಿರುವ ದೊಡ್ಡವರ ಕೈಗೆ ಸಿಕ್ಕರೆ ಮೂರು ನಿಮಿಷ ಅರ್ಧ ಗಂಟೆಯಾಗಲು ಹೊತ್ತು ಬೇಕಿಲ್ಲ. ಆ ಭಯ ನನಗೆ ಇದ್ದೇ ಇರುತ್ತದೆ.

ಅತ್ತೆಯವರ ವಿಷಯ. ತಂಗಿ, ಅಜ್ಜಿಗೆ "ಎತ್ಕೋಬೇಡಿ" ಎಂದು ಹೇಳಲು ಹೋಗಬೇಡಿ. ಅಳುವ ಮಗುವನ್ನು ಎತ್ತಿಕೊಂಡೇ ಅವರ ಆಯುಷ್ಯ ಕಳೆದಿದೆ, ಆ ಕೈ ಸುಮ್ಮನಿರುವುದಿಲ್ಲ. ಎತ್ತಿಕೊಳ್ಳಲು ಇನ್ನೊಂದು ಮಗು ಇದೆಯಲ್ಲ! ಕಚ್ಚಿಸಿಕೊಂಡದ್ದು ಅವಳು. "ಅವನು ಕಚ್ಚಿದ ಕೂಡಲೇ ನೀವು ಓಡಿಬಂದು ಪಾಪುವನ್ನು ಎತ್ತಿಕೊಳ್ಳಿ ಅತ್ತೆ, ನನಗೆ ನಿಮ್ಮ ಸಹಾಯ ಬೇಕು" ಎನ್ನಿ. ಅಜ್ಜಿಯ ಮಮತೆಗೂ ದಾರಿ ಸಿಕ್ಕಿತು, ನೊಂದವಳಿಗೂ ಸಮಾಧಾನವಾಯಿತು. ಕಚ್ಚಿದರೆ ಎಲ್ಲರೂ ತಂಗಿಯ ಕಡೆ ಹೋಗುತ್ತಾರೆ ಎಂಬುದು ಅವನಿಗೂ ಕಾಣುತ್ತದೆ.

ದುರ್ಗದ ಆಪ್ತಸಮಾಲೋಚಕಿ

ಸರ್, ಇದಕ್ಕಿಂತ ಚೆನ್ನಾಗಿ ನಾನು ಹೇಳೋಕೆ ಆಗ್ತಿರಲಿಲ್ಲ. ಇನ್ಮೇಲೆ ನನ್ನ ಹತ್ರ ಬರೋರಿಗೂ ಇದನ್ನೇ ಹೇಳ್ತೀನಿ.

ಹೊಳಲ್ಕೆರೆ ಅಂಗನವಾಡಿ ಟೀಚರ್

ನಮ್ಮ ಅನುಭವಾನೂ ಒಂದು ಮಾತು ಸೇರಿಸ್ತೀನಿ. ನಮ್ಮಲ್ಲಿ ಮೂರರಿಂದ ಆರು ವರ್ಷದ ಮಕ್ಕಳು ಬರ್ತಾವೆ, ನಾನು ಒಬ್ಬಳು, ಸಹಾಯಕಿ ಒಬ್ಬರು. ಒಂದು ಮಗೂನ ಬೇರೆ ಕಡೆ ಕೂರಿಸಿ ನೋಡ್ಕೊಳ್ಳೋಕೆ ಆಗಲ್ಲ. ಹೊಡೆದಾಡಿದ ಮಗೂನ ನನ್ನ ಪಕ್ಕಕ್ಕೆ ಕರ್ಕೊಂಡು ಕೂರಿಸ್ತೀನಿ. "ಎಲ್ಲರೂ ಹೆಂಗೆ ಆಡ್ತಾರೆ ನೋಡು" ಅಂತೀನಿ, ಅಷ್ಟೇ. ಒಂಚೂರು ಹೊತ್ತು ನೋಡ್ತೈತೆ, ಆಮೇಲೆ ಅದೇ "ಟೀಚರ್, ನಾನೂ ಹೋಗ್ಲಾ" ಅಂತ ಕೇಳ್ತೈತೆ. ಕಳಿಸ್ತೀನಿ. ಅಳಿಸೋ ಪ್ರಮೇಯನೇ ಬರಲ್ಲ.

ಇನ್ನೊಂದು. ಯಾವ ಹೊತ್ತಲ್ಲಿ ಕಚ್ತಾನೆ ಅಂತ ಒಂದು ವಾರ ಕ್ಯಾಲೆಂಡರ್ ಮೇಲೆ ಗುರುತು ಹಾಕಿ ನೋಡಿ ಅಕ್ಕಾ. ನಮ್ಮಲ್ಲಿ ಊಟಕ್ಕೆ ಮುಂಚಿನ ಅರ್ಧ ಗಂಟೆನೇ ಜಗಳ ಜಾಸ್ತಿ. ತಟ್ಟೆ ಮುಂದೆ ಬಂದ್ರೆ ಅರ್ಧ ಜಗಳ ಅಲ್ಲೇ ಕರಗ್ತೈತೆ.

ದುರ್ಗದ ಆಪ್ತಸಮಾಲೋಚಕಿ

ಟೀಚರ್, ನೀವು ಪಕ್ಕ ಕೂರಿಸ್ಕೊಂಡು ತೋರಿಸೋದೂ ಟೈಮ್ ಔಟ್‌ನ ಒಂದು ಬಗೆಯೇ. ಗುಂಪಿನಲ್ಲಿರೋ ಮಕ್ಕಳಿಗೆ ತುಂಬಾ ಒಳ್ಳೇದು. ಬೆದರೋ ಸ್ವಭಾವದ ಮಗುವಿಗೆ ಮನೇಲೂ ಹೀಗೇ ಮಾಡಬಹುದು.

ಕೆಟಿಜೆ ನಗರ ತಾಯಿ

ಇದನ್ನೆಲ್ಲ ಓದ್ತಾ ನನಗೆ ಬೇರೆ ಸಂಕಟ ಆಗ್ತಿದೆ. ನನ್ನ ಮಗಳಿಗೆ ನಾಲ್ಕು ವರ್ಷ, ಒಂದು ಖಾಸಗಿ ನರ್ಸರಿಗೆ ಹೋಗ್ತಿದ್ದಳು. ಬರೀಲಿಲ್ಲ ಅಂತ ಸ್ಟೋರ್ ರೂಮಿನಲ್ಲಿ ಕೂರಿಸಿ ಬಾಗಿಲು ಹಾಕಿದ್ದಾರೆ. ಕೇಳಿದ್ರೆ "ಹೊಡೆದಿಲ್ಲವಲ್ಲ ಮೇಡಂ, ಟೈಮ್ ಔಟ್ ಕೊಟ್ಟಿದ್ದು" ಅಂದ್ರು. ಈಗ ಬಚ್ಚಲ ಬಾಗಿಲು ಮುಚ್ಚಿದ್ರೂ ಕಿರುಚ್ತಾಳೆ. ಬಿಡಿಸಿದೀನಿ. ಆದ್ರೂ ಹೀಗೇ ಬಿಟ್ಟುಬಿಡೋದಾ?

ದುರ್ಗದ ಆಪ್ತಸಮಾಲೋಚಕಿ

ಬಿಡಬೇಡಿ. ಅದು ಟೈಮ್ ಔಟ್ ಅಲ್ಲ, ಮಗುವನ್ನ ಕೂಡಿ ಹಾಕಿದ್ದು. ಬರೆಯೋಕೆ ಬರದಿರೋದು ಕೆಟ್ಟ ನಡತೆಯೂ ಅಲ್ಲ, ನಾಲ್ಕು ವರ್ಷಕ್ಕೆ ಬೆರಳಿಗೆ ಅಷ್ಟು ಹಿಡಿತ ಬಂದಿರಲ್ಲ.

ಕಾನೂನು ಹೇಳ್ತೀನಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸುತ್ತೆ. ಆದ್ರೆ ಆ ಕಾಯ್ದೆ ಲೆಕ್ಕಕ್ಕೆ ತಗೊಳ್ಳೋದು 6ರಿಂದ 14 ವರ್ಷದ ಮಕ್ಕಳನ್ನ. ನಿಮ್ಮ ಮಗಳಿಗೆ ಹೊಂದೋದು 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್. 18 ವರ್ಷದ ಒಳಗಿನ ಯಾವ ಮಗುವನ್ನೇ ಆಗಲಿ, ನೋಡಿಕೊಳ್ಳೋ ಹೊಣೆ ಇದ್ದವರು ಹಿಂಸೆ ಮಾಡಿ ಅನಗತ್ಯ ಮಾನಸಿಕ, ದೈಹಿಕ ನೋವು ಕೊಟ್ಟರೆ ಅದು ಅಪರಾಧ. ಮಕ್ಕಳನ್ನ ನೋಡಿಕೊಳ್ಳೋ ಸಂಸ್ಥೆಯ ನೌಕರರೇ ಮಾಡಿದ್ದರೆ ಶಿಕ್ಷೆ ಇನ್ನೂ ಹೆಚ್ಚು. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಅಥವಾ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಬರೆದು ಕೊಡಿ. ಏನಾಯ್ತು ಅನ್ನೋದನ್ನ ತಾರೀಖು ಹಾಕಿ ಇವತ್ತೇ ಬರೆದಿಟ್ಟುಕೊಳ್ಳಿ.

ಮಗಳ ಭಯಕ್ಕೆ: ಸದ್ಯಕ್ಕೆ ಬಾಗಿಲು ಅರ್ಧ ತೆರೆದೇ ಇರಲಿ, ಬಲವಂತ ಬೇಡ. ಇನ್ನೂ ಕೆಲವು ವಾರ ಹೀಗೇ ಇದ್ದರೆ ಮಕ್ಕಳ ಮನೋವೈದ್ಯರಿಗೆ ತೋರಿಸಿ. ಇವಳನ್ನ ಮನೇಲಿ ಯಾವ ಕಾರಣಕ್ಕೂ ಬೇರೆ ಕೂರಿಸಬೇಡಿ.

ಚೌಕಿಪೇಟೆ ಅಪ್ಪ

ಕೆಟಿಜೆ ನಗರದವರು ಬರೆದಿದ್ದು ಓದಿ ಹೊಟ್ಟೆ ಕಿವುಚಿತು. ದಯವಿಟ್ಟು ದೂರು ಕೊಡಿ ಮೇಡಂ.

ನನ್ನ ಮಾತಿಗೆ ಬಂದ ಉತ್ತರಾನೂ ಓದಿದೆ. ದೊಡ್ಡವರು ಚಿಕ್ಕವರಿಗೆ ಹೊಡೀಬಹುದು ಅಂತ ಕಲೀತಾನೆ ಅನ್ನೋ ಮಾತು ತಲೇಲಿ ಕೂತಿದೆ. ಆದ್ರೆ ಒಂದು ಪ್ರಶ್ನೆ ಉಳಿದಿದೆ. ಮಗು ರಸ್ತೆಗೆ ಓಡಿದಾಗ, ಒಲೆಗೆ ಕೈ ಹಾಕಿದಾಗ ಮಣೆ ಹಾಕ್ಕೊಂಡು ಕೂರೋಕಾಗುತ್ತಾ?

ಹರಿಹರ ಅವಳಿ ಮಕ್ಕಳ ತಾಯಿ

ಅಲ್ಲಿ ಮೊದಲು ಎಳ್ಕೊಳ್ಳೋದೇ ಸರ್. ಜೋರಾಗಿ "ಬೇಡ" ಅಂದು ಕೈ ಹಿಡಿದು ಎಳೀತೀವಿ. ಆಮೇಲೆ ಒಲೆ ಕಡೆ ಗೇಟ್ ಹಾಕೋದು, ರಸ್ತೆ ಬಾಗಿಲ ಚಿಲಕ ಮೇಲಕ್ಕೆ ಇಡಿಸೋದು ನಮ್ಮ ಕೆಲಸ. ಎರಡು ಮೂರು ವರ್ಷದವರಿಗೆ ಅಪಾಯ ಅರ್ಥ ಮಾಡಿಸಿ ನೆಮ್ಮದಿಯಾಗಿ ಇರೋಕೆ ಆಗಲ್ಲ.

ನಿಟುವಳ್ಳಿ ಅಮ್ಮ

ಕೆಲವು ವಾರ ಆಯ್ತು, ಹೇಳೋಣ ಅಂತ ಬಂದೆ. ಹೊಳಲ್ಕೆರೆ ಟೀಚರ್ ಹೇಳಿದ ಹಾಗೆ ಕ್ಯಾಲೆಂಡರ್ ಮೇಲೆ ಗುರುತು ಹಾಕಿದೆ. ಹೆಚ್ಚುಕಮ್ಮಿ ಎಲ್ಲಾ ಗುರುತೂ ಸಂಜೆನೇ, ನಾನು ಚಿಕ್ಕವಳಿಗೆ ಹಾಲು ಕುಡಿಸೋ ಹೊತ್ತು. ಈಗ ಆ ಹೊತ್ತಿಗೆ ಅವನಿಗೆ ಮಂಡಕ್ಕಿ ಒಗ್ಗರಣೆ ಬಟ್ಟಲಲ್ಲಿ ಹಾಕಿ ಮಾವನ ಜೊತೆ ಕಟ್ಟೆ ಮೇಲೆ ಕೂರಿಸ್ತೀವಿ. ಅದರಿಂದಲೇ ಬಹಳ ಕಮ್ಮಿ ಆಯ್ತು.

ರಾತ್ರಿ ಊಟಕ್ಕೆ ಮುಂಚೆ ಬಾಗಿಲು ಹಾಕ್ಕೊಂಡು ಅವನು ನಾನು ಇಬ್ಬರೇ ಆಡ್ತೀವಿ. ಈಗ ಅವನೇ ಬಂದು ಸೀರೆ ಸೆರಗು ಎಳೀತಾನೆ, "ನಮ್ ಆಟ" ಅಂತಾನೆ. ಮಣೆ ಇದೆ, ಅದನ್ನ ಬಳಸೋದು ಅಪರೂಪ. ಅತ್ತೆಗೆ ಮೇಷ್ಟ್ರ ಮಾತನ್ನ ಹಾಗೇ ಹೇಳಿದೆ. ಅವತ್ತಿಂದ ಕಚ್ಚಿದರೆ ಅವರು ಪಾಪುನ ಎತ್ಕೊಂಡು ಅಡುಗೆಮನೆಗೆ ಹೋಗ್ತಾರೆ. ಮೈದುನ ಮಾತ್ರ ಇನ್ನೂ ಮೊಬೈಲ್ ಕೊಡ್ತಾನೆ, ಅದೊಂದು ಉಳಿದಿದೆ. ಚಿಕ್ಕವಳೂ ಈಗ ಕೂದಲು ಎಳೆಯೋಕೆ ಶುರು ಮಾಡಿದಾಳೆ. ಅವಳನ್ನೂ ಮಣೆ ಮೇಲೆ ಕೂರಿಸಬಹುದಾ?

ದುರ್ಗದ ಆಪ್ತಸಮಾಲೋಚಕಿ

ತುಂಬಾ ಸಂತೋಷ ಆಯ್ತು. ಚಿಕ್ಕವಳಿಗೆ ಬೇಡ. ಎರಡು ವರ್ಷದ ಒಳಗಿನವರಿಗೆ ಮಾಡಿದ ತಪ್ಪಿಗೂ ಕೂರಿಸೋದಕ್ಕೂ ನಂಟು ಜೋಡಿಸೋದು ಕಷ್ಟ. ಕೈ ಬಿಡಿಸಿ, ಬೇರೆ ಕಡೆ ಗಮನ ಸೆಳೀರಿ, ಸಾಕು. ಅವಳು ಅಣ್ಣನ ಕೂದಲು ಎಳೆದಾಗ ಅಣ್ಣನನ್ನ ಎತ್ಕೊಂಡು ಸಮಾಧಾನ ಮಾಡಿ, ಅವನಿಗೆ ಅದು ದೊಡ್ಡ ವಿಷಯ.

ಜಗಳೂರು ಅಪ್ಪ

ತಡವಾಗಿ ಸೇರ್ಕೊಂಡೆ. ನನ್ನ ಮಗನಿಗೆ ಮೂರು ತುಂಬಿ ನಾಲ್ಕು ನಡೀತಿದೆ, ತಂಗೀನೇನೂ ಇಲ್ಲ, ಎದುರಿಗೆ ಬಂದವರನ್ನೆಲ್ಲ ಕಚ್ತಾನೆ. ಮಾತು ಇನ್ನೂ ಸರಿಯಾಗಿ ಬಂದಿಲ್ಲ, ಎರಡು ಮೂರು ಪದ ಅಷ್ಟೇ. ಕರೆದ್ರೆ ತಿರುಗಿ ನೋಡೋದೂ ಕಮ್ಮಿ. ಮಣೆ ಮೇಲೆ ಕೂರಿಸಿದ್ರೆ ಯಾಕೆ ಅಂತಾನೇ ಗೊತ್ತಾಗಲ್ಲ ಅನ್ಸುತ್ತೆ.

ದುರ್ಗದ ಆಪ್ತಸಮಾಲೋಚಕಿ

ಸರ್, ನಿಮ್ಮ ಅನಿಸಿಕೆ ಸರಿ. ಮಣೆ ಪಕ್ಕಕ್ಕಿಡಿ. ಮಾತು ಬರದ ಮಗು ಹೇಳಬೇಕಾದ್ದನ್ನ ಹಲ್ಲಿನಲ್ಲಿ ಹೇಳುತ್ತೆ. ಮೊದಲು ಕಿವಿ ಪರೀಕ್ಷೆ ಆಗಬೇಕು, ಆಮೇಲೆ ಮಾತು ಮತ್ತು ಬೆಳವಣಿಗೆಯ ತಪಾಸಣೆ. ಇದರಲ್ಲಿ ತಡ ಮಾಡಬೇಡಿ.

ಹೊಳಲ್ಕೆರೆ ಅಂಗನವಾಡಿ ಟೀಚರ್

ಅಣ್ಣಾ, ನಿಮ್ಮೂರ ಅಂಗನವಾಡಿಗೆ ಹೋಗಿ ಕೇಳಿ. ಆರ್‌ಬಿಎಸ್‌ಕೆ ಅಂತ ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ ಯೋಜನೆ ಐತೆ, ಅದರ ಡಾಕ್ಟರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನ ನೋಡ್ತಾರೆ, ದುಡ್ಡು ಇಲ್ಲ. ಅವರು ಬರೋತನಕ ಕಾಯ್ಲೇಬೇಕು ಅಂತಿಲ್ಲ, ತಾಲ್ಲೂಕು ಆಸ್ಪತ್ರೇಲಿ ಆ ತಂಡದವರು ಸಿಗ್ತಾರಾ ವಿಚಾರಿಸಿ, ಅಲ್ಲಿಂದ ಜಿಲ್ಲಾ ಆಸ್ಪತ್ರೆಗೆ ಬರೆದು ಕೊಡ್ತಾರೆ. ತಾಯಿ ಕಾರ್ಡ್ ಜೊತೇಲಿ ತಗೊಂಡ್ ಹೋಗಿ, ಹುಟ್ಟಿದಾಗಿನ ತೂಕ, ಹಾಕಿಸಿದ ಚುಚ್ಚುಮದ್ದು ಎಲ್ಲ ಅದರಲ್ಲೇ ಇರ್ತೈತೆ.